ನೀರಿನ ಬೀದಿಯಲ್ಲಿ ವೈನಿನ ನೆಲಮಾಳಿಗೆ

ಪ್ಯಾರಿಸ್ಸಿನ ಆರನೇ ಮಾರ್ಗದ ಮೆಟ್ರೋ ರೈಲು ಬೀರ್-ಹಕೀಮ್ ಸೇತುವೆಯ ಮೇಲೆ ಸೇನ್ ನದಿಯನ್ನು ದಾಟುವಾಗ ಪ್ರಯಾಣಿಕರೆಲ್ಲ ಒಂದೇ ಕಡೆಗೆ ತಿರುಗಿ ಐಫೆಲ್ ಗೋಪುರ ನೋಡುತ್ತಾರೆ. ಆಚೆ ದಂಡೆಯ ಮೊದಲ ನಿಲ್ದಾಣ ಪಾಸ್ಸಿ. ಅಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ರ್‍ಯೂ ದೆಜೋ, ಅಂದರೆ ನೀರಿನ ಬೀದಿ. ಹದಿನೇಳನೇ ಶತಮಾನದಲ್ಲಿ ಈ ಗುಡ್ಡದ ಬುಡದಲ್ಲಿ ಕಬ್ಬಿಣದಂಶವಿರುವ ಬುಗ್ಗೆಗಳು ಸಿಕ್ಕಿದವು. ಪ್ಯಾರಿಸ್ಸಿನ ಸಿರಿವಂತರು ಗಾಡಿ ಕಟ್ಟಿಕೊಂಡು ಬಂದು ಆ ನೀರು ಕುಡಿದು ಹೋಗುತ್ತಿದ್ದರು. ಬೀದಿಗೆ ಹೆಸರು ಬಂದದ್ದು ಹಾಗೆ. ಬೀದಿಯ ಕೊನೆಗೆ ಚಾರ್ಲ್ಸ್ ಡಿಕನ್ಸ್ ಹೆಸರಿನ ಪುಟ್ಟ ಚೌಕ. ಅಲ್ಲಿ, ಐದನೇ ನಂಬರಿನ ಬಾಗಿಲಿನ ಹಿಂದೆ ವೈನ್ ಮ್ಯೂಸಿಯಂ ಇದೆ.

ಲೂವ್ರ್, ಓರ್ಸೇಗಳ ಪಟ್ಟಿ ಹಿಡಿದು ಬಂದವರು ಇತ್ತ ಸುಳಿಯುವುದು ಅಪರೂಪ. ಅದರಿಂದ ಮ್ಯೂಸಿಯಮ್ಮಿಗೆ ನಷ್ಟವಿರಬಹುದು, ನೋಡುಗರಿಗೆ ಲಾಭವೇ. ಒಳಗೆ ಹೋದರೆ ಕಮಾನು ಸುರಂಗಗಳು, ತಣ್ಣನೆಯ ಗಾಳಿ, ಕೈಗೆ ಪುಡಿ ಹತ್ತುವ ಸುಣ್ಣಕಲ್ಲಿನ ಗೋಡೆ. ಇದು ಕಟ್ಟಿದ ನೆಲಮಾಳಿಗೆಯಲ್ಲ, ಮಧ್ಯಯುಗದ ಕಲ್ಲುಗಣಿ. ಪ್ಯಾರಿಸ್ಸಿನ ಕಟ್ಟಡಗಳಿಗೆ ಇಂಥ ಗುಡ್ಡಗಳ ಹೊಟ್ಟೆಯಿಂದಲೇ ಕಲ್ಲು ಹೋದದ್ದು. ಕಲ್ಲು ತೆಗೆದ ಮೇಲೆ ಉಳಿದ ಪೊಳ್ಳು ಮಿನಿಮ್ ಪಂಥದ ಸನ್ಯಾಸಿಗಳ ಪಾಲಿಗೆ ಬಂತು. ಹದಿನೈದನೇ ಶತಮಾನದ ಕೊನೆಯಲ್ಲಿ ರಾಣಿ ಆನ್ ಕೊಟ್ಟ ಜಾಗದಲ್ಲಿ ಮಠ ಕಟ್ಟಿಕೊಂಡ ಇವರಿಗೆ ಊರವರು 'ಒಳ್ಳೇ ಮನುಷ್ಯರು' ಎಂದೇ ಅಡ್ಡಹೆಸರಿಟ್ಟಿದ್ದರು. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ, ಚೀಸ್ ಯಾವುದನ್ನೂ ಬದುಕಿಡೀ ಮುಟ್ಟುವುದಿಲ್ಲ ಎಂಬುದು ಮಿನಿಮರ ವ್ರತ. ಆ ಪಟ್ಟಿಯಲ್ಲಿ ವೈನ್ ಇರಲಿಲ್ಲ. ಆಗ ಪಾಸ್ಸಿಯ ಇಳಿಜಾರಿನ ತುಂಬ ದ್ರಾಕ್ಷಿತೋಟಗಳಿದ್ದವು. ಪಕ್ಕದ ರ್‍ಯೂ ದೆ ವೀನ್ಯ್, ರ್‍ಯೂ ವಿನ್ಯೋಸ್ ಬೀದಿಗಳ ಹೆಸರಿನಲ್ಲಿ ಅವು ಇನ್ನೂ ಉಳಿದಿವೆ. ಸನ್ಯಾಸಿಗಳು ತಯಾರಿಸಿದ ವೈನ್ ಈ ಗಣಿಯ ತಂಪಿನಲ್ಲಿ ಪೀಪಾಯಿಗಳಲ್ಲಿ ಹಣ್ಣಾಗುತ್ತಿತ್ತು. ಬೇಟೆ ಮುಗಿಸಿ ಬರುವಾಗ ಹದಿಮೂರನೇ ಲೂಯಿ ಇಲ್ಲಿ ಕುದುರೆ ನಿಲ್ಲಿಸುತ್ತಿದ್ದ ಎಂಬ ಕಥೆಯನ್ನು ಮ್ಯೂಸಿಯಂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಫ್ರೆಂಚ್ ಕ್ರಾಂತಿಯ ಗಲಭೆಯಲ್ಲಿ ಮಠ ನೆಲಸಮವಾಯಿತು, ನೆಲದ ಕೆಳಗಿದ್ದುದು ಉಳಿಯಿತು. 1950ರ ದಶಕದಲ್ಲಿ ನದಿಯಾಚೆಯ ಐಫೆಲ್ ಗೋಪುರದ ರೆಸ್ಟೋರೆಂಟು ತನ್ನ ವೈನನ್ನು ಇಲ್ಲಿ ಇಡುತ್ತಿತ್ತು.

1954ರಲ್ಲಿ ಹುಟ್ಟಿದ ಫ್ರಾನ್ಸಿನ ಎಶಾನ್ಸೋಂಗಳ ಮಂಡಳಿ 1984ರಲ್ಲಿ ಇದನ್ನು ಮ್ಯೂಸಿಯಂ ಮಾಡಿತು. ಎಶಾನ್ಸೋಂ ಎಂದರೆ ರಾಜನಿಗೆ ಪಾನಪಾತ್ರೆ ಹಿಡಿಯುವವನು, ಕನ್ನಡ ಬೈಬಲ್ಲಿನ 'ಪಾನದಾಯಕ'. ಸಂಗ್ರಹದಲ್ಲಿ ಎರಡು ಸಾವಿರಕ್ಕೂ ಹೆಚ್ಚು ವಸ್ತುಗಳು. ಕೊಯ್ಲಿನಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ಬುಟ್ಟಿ, ಪೀಪಾಯಿ ಮಾಡುವವರ ಬಾಚಿ, ಬಾಯಿ ಊದಿ ಮಾಡಿದ ಸೊಟ್ಟ ಬಾಟಲಿ, ಕಾರ್ಕ್‌ಸ್ಕ್ರೂ, ಬೆಳ್ಳಿಯ ರುಚಿಬಟ್ಟಲು. ನಡುನಡುವೆ ಮೇಣದ ಗೊಂಬೆಗಳು. ನೆಪೋಲಿಯನ್ ಇದ್ದಾನೆ, ಪಾಸ್ಚರ್ ಇದ್ದಾನೆ. ಸಾಲ ಕೊಟ್ಟವರಿಂದ ತಪ್ಪಿಸಿಕೊಂಡು ಓಡುತ್ತಿರುವ ಬಾಲ್ಜಾಕ್ ಕೂಡ ಇದ್ದಾನೆ. ಬಾಲ್ಜಾಕನದು ತಮಾಷೆಗೆ ಹೂಡಿದ ಪಾತ್ರವಲ್ಲ. ಮೇಲಿನ ರೇನೂವಾರ್ ಬೀದಿಯ ಮನೆಯಲ್ಲಿ 1840ರಿಂದ ಏಳು ವರ್ಷ ಅವನು ಸುಳ್ಳು ಹೆಸರಿಟ್ಟುಕೊಂಡು ಬದುಕಿದ್ದ. ಆ ಮನೆಗೆ ಹಿಂದಿನ ಬೀದಿಗೆ ಇಳಿಯುವ ಇನ್ನೊಂದು ಬಾಗಿಲಿತ್ತು.

ಗೊಂಬೆಗಳು ಮಕ್ಕಳಿಗೆ ಹಿಡಿಸುತ್ತವೆ. ಆದರೆ ಈ ಮ್ಯೂಸಿಯಮ್ಮಿನ ನಿಜವಾದ ಕಥೆ ಗಾಜಿನ ಪೆಟ್ಟಿಗೆಗಳಲ್ಲಿದೆ. ಅಲ್ಲಿರುವ ಸಣ್ಣಪುಟ್ಟ ಸಾಮಾನುಗಳನ್ನು ಕಾಲದ ಕ್ರಮದಲ್ಲಿ ನೋಡುತ್ತ ಬಂದರೆ ಒಂದು ಸಂಗತಿ ಹೊಳೆಯುತ್ತದೆ. ಇಂದು ದೊಡ್ಡ ಹೋಟೆಲುಗಳಲ್ಲಿ ಕಪ್ಪು ಏಪ್ರನ್ ತೊಟ್ಟು ಮೇಜಿನ ಬಳಿ ಬಂದು ಬಗ್ಗಿ ನಿಲ್ಲುವ ಸೊಮೆಲಿಯೇ ಎಂಬ ವೈನ್ ಪರಿಚಾರಕನ ಕಸುಬು ರುಚಿಯಿಂದ ಹುಟ್ಟಿದ್ದಲ್ಲ, ಅನುಮಾನದಿಂದ ಹುಟ್ಟಿದ್ದು. ಬಟ್ಟಲಲ್ಲಿ ಇರುವುದು ಏನು, ಅದನ್ನು ನಂಬಬಹುದೇ ಎಂಬ ಪ್ರಶ್ನೆಗೆ ಕುಡಿಯುವವನ ಪರವಾಗಿ ಉತ್ತರ ಹುಡುಕುವುದೇ ಅವನ ಕೆಲಸ. ಅನುಮಾನದ ಕಾರಣ ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿದೆ.

ಮೊದಲ ಕಾರಣ ವಿಷ. ಪರ್ಷಿಯದ ಅರಸ ಅರ್ತಷಸ್ತನ ಪಾನದಾಯಕನಾಗಿದ್ದ ನೆಹೆಮೀಯ ಕೊನೆಗೆ ಜೆರೂಸಲೇಮಿನ ಗೋಡೆ ಕಟ್ಟಿಸುವಷ್ಟು ದೊಡ್ಡವನಾದ. ಅರಸನ ಪಾನಪಾತ್ರೆ ಮುಟ್ಟುವವನಿಗೆ ಅರಸನ ಕಿವಿಯೂ ಸಿಗುತ್ತಿತ್ತು. ಬರ್ಗಂಡಿಯ ಡ್ಯೂಕ್ ಧೀರ ಚಾರ್ಲ್ಸನ ಆಸ್ಥಾನದ ಊಟದ ರೀತಿ-ರಿವಾಜುಗಳನ್ನು ಅವನ ಅಧಿಕಾರಿ ಒಲಿವಿಯೇ ದ ಲಾ ಮಾರ್ಷ್ 1474ರಲ್ಲಿ ಬರೆದಿಟ್ಟಿದ್ದಾನೆ. ಯಾರು ಬಟ್ಟಲು ತರಬೇಕು, ಯಾರು ಮುಚ್ಚಳ ತೆಗೆಯಬೇಕು, ಯಾರು ಮೊದಲು ಕುಡಿದು ತೋರಿಸಬೇಕು ಎಂಬುದೆಲ್ಲ ಅದರಲ್ಲಿ ವಿವರವಾಗಿದೆ. ಮೇಜಿನ ಮೇಲೆ ಒಂಟಿಕೊಂಬಿನ ಕುದುರೆಯದೆಂದು ನಂಬಿದ್ದ ಕೊಂಬಿನ ತುಂಡೊಂದು ಇರುತ್ತಿತ್ತು. ಪಾನೀಯದಲ್ಲಿ ಅದ್ದಿದರೆ ವಿಷ ಬಯಲಾಗುತ್ತದೆ ಎಂದು ನಂಬಿಕೆ. ಫ್ರೆಂಚ್ ಶಸ್ತ್ರವೈದ್ಯ ಆಂಬ್ರ್ವಾಜ್ ಪಾರೆ 1582ರಲ್ಲಿ ಒಂದು ಪುಸ್ತಕ ಬರೆದು ಈ ನಂಬಿಕೆಯ ಬುಡ ಅಲುಗಿಸಿದ. ಆ ಕೊಂಬು ಉತ್ತರದ ಹಿಮಸಮುದ್ರದ ನಾರ್ವಾಲ್ ತಿಮಿಂಗಿಲದ ಹಲ್ಲು ಎಂದು 1638ರಲ್ಲಿ ಡೆನ್ಮಾರ್ಕಿನ ಓಲೆ ವೋರ್ಮ್ ತೋರಿಸಿಕೊಟ್ಟ. ರಾಜರು ಅಷ್ಟಕ್ಕೆಲ್ಲ ಪದ್ಧತಿ ಬಿಡುವವರೇ? ವರ್ಸಾಯ್ ಅರಮನೆಯಲ್ಲಿ ಹದಿನಾಲ್ಕನೇ ಲೂಯಿಗೆ ಬಾಯಾರಿದರೆ 'ರಾಜರಿಗೆ ಕುಡಿಯಲು!' ಎಂಬ ಕೂಗು ಏಳುತ್ತಿತ್ತು. ವೈನೂ ನೀರೂ ಹಲವರ ಕೈ ದಾಟಿ, ಪುಟ್ಟ ಬಟ್ಟಲುಗಳಲ್ಲಿ ರುಚಿ ಪರೀಕ್ಷೆಯಾಗಿ, ಆಮೇಲೆ ದೊರೆಯ ತುಟಿಗೆ ಮುಟ್ಟುತ್ತಿತ್ತು.

ಇದು ಯುರೋಪಿನ ಗೀಳು ಮಾತ್ರ ಎಂದುಕೊಳ್ಳಬೇಕಿಲ್ಲ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. ಗ್ರಂಥಪಾಲ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದರ ಮೊದಲ ಅಧಿಕರಣದಲ್ಲಿ ಅರಸನ ಊಟದ ಪರೀಕ್ಷೆ ಬರುತ್ತದೆ. ಅನ್ನವನ್ನು ಮೊದಲು ಬೆಂಕಿಗೂ ಹಕ್ಕಿಗಳಿಗೂ ಹಾಕಬೇಕು, ಜ್ವಾಲೆ ನೀಲಿಯಾಗಿ ಚಟಪಟ ಸದ್ದಾದರೆ ವಿಷ. ಔಷಧ ಕೊಡುವ ವೈದ್ಯ ಅದನ್ನು ತಯಾರಿಸಿದವನಿಗೆ ಕುಡಿಸಿ, ತಾನೂ ಕುಡಿದು, ಆಮೇಲೆ ಅರಸನಿಗೆ ಕೊಡಬೇಕು. ಮದ್ಯಕ್ಕೂ ನೀರಿಗೂ ಇದೇ ನಿಯಮ. ಎರಡನೇ ಅಧಿಕರಣದ ಸುರಾಧ್ಯಕ್ಷ ಇಂದಿನ ಅಬಕಾರಿ ಕಮಿಷನರ್ ಮತ್ತು ಸೊಮೆಲಿಯೇ ಇಬ್ಬರನ್ನೂ ಒಂದು ಮಾಡಿದಂಥ ಅಧಿಕಾರಿ. ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಆರು ಬಗೆಗಳ ಪಾಕ ಅವನಿಗೆ ಗೊತ್ತಿರಬೇಕು. ಪಾನಗೃಹದಲ್ಲಿ ಹೂವು, ಸುಗಂಧ, ಕೂರಲು ಆಸನ ಇರಬೇಕು. ಯಾರು ಕೈಮೀರಿ ಖರ್ಚು ಮಾಡುತ್ತಿದ್ದಾರೆ ಎಂದು ನೋಡಲು ಗೂಢಚಾರರೂ ಇರಬೇಕು. ಕೆಟ್ಟುಹೋದ ಮದ್ಯವನ್ನು ಏನು ಮಾಡುವುದು? ಆಳುಗಳಿಗೆ ಕೂಲಿಯ ಬದಲು ಕೊಡಿ, ಇಲ್ಲವೇ ಹಂದಿಗಳಿಗೆ ಕುಡಿಸಿ ಎನ್ನುತ್ತಾನೆ ಕೌಟಿಲ್ಯ. ಆ ನಿಷ್ಕರುಣೆಗೆ ಅವನ ಬಳಿ ಸಂಕೋಚವೇ ಇಲ್ಲ.

ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಪಾನೀಯಭೋಗಕ್ಕೇ ಒಂದು ಭಾಗ ಮೀಸಲಿಟ್ಟ. ಅಲ್ಲಿ ನೀರಿಗೂ ಜಾತಿ ಉಂಟು. ಮಳೆನೀರು, ಹೊಳೆನೀರು, ಬುಗ್ಗೆನೀರು, ಬಾವಿನೀರು, ಎಳನೀರು, ಹೀಗೆ ಬಗೆ ವಿಂಗಡಿಸಿ ಯಾವ ಋತುವಿನಲ್ಲಿ ಯಾವುದು ಹಿತ ಎಂದು ಹೇಳುತ್ತಾನೆ, ನೀರಿಗೆ ಪರಿಮಳ ಕಟ್ಟುವ ವಿಧಾನ ಕೊಡುತ್ತಾನೆ. ಪಾಸ್ಸಿಯ ಬುಗ್ಗೆಗೆ ಸಾಲುಗಟ್ಟಿದ ಪ್ಯಾರಿಸ್ಸಿನ ಶ್ರೀಮಂತರು ಇದನ್ನು ಓದಿದ್ದರೆ ಬಹುಶಃ ತಲೆದೂಗುತ್ತಿದ್ದರು.

ಮತ್ತೆ ಗಾಜಿನ ಪೆಟ್ಟಿಗೆಗೆ ಬರೋಣ. ಬಾಟಲಿಗಳ ಸಾಲಿನ ಹಿಂದೆ ಇರುವ ಚರಿತ್ರೆ ಎಲ್ಲಕ್ಕಿಂತ ಸ್ವಾರಸ್ಯದ್ದು, ಏಕೆಂದರೆ ಅದು ವೈನಿಗೆ ಸಂಬಂಧವೇ ಇಲ್ಲದ ಹಡಗಿನಿಂದ ಶುರುವಾಗುತ್ತದೆ. 1615ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೇ ಜೇಮ್ಸ್ ಗಾಜಿನ ಕುಲುಮೆಗಳಲ್ಲಿ ಕಟ್ಟಿಗೆ ಉರಿಸಕೂಡದೆಂದು ಆಜ್ಞೆ ಹೊರಡಿಸಿದ. ನೌಕಾಪಡೆಯ ಹಡಗುಗಳಿಗೆ ಮರ ಬೇಕಾಗಿತ್ತು. ಗಾಜಿನವರು ಗತ್ಯಂತರವಿಲ್ಲದೆ ಕಲ್ಲಿದ್ದಲಿಗೆ ತಿರುಗಿದರು. ಕಲ್ಲಿದ್ದಲಿನ ಉರಿ ಹೆಚ್ಚು ತೀಕ್ಷ್ಣ. ಅದರಲ್ಲಿ ಬೆಂದ ಗಾಜು ದಪ್ಪ, ಗಟ್ಟಿ, ಹೊಗೆ ಹಿಡಿದ ಕಪ್ಪು-ಹಸಿರು ಬಣ್ಣ. ಅದುವರೆಗೆ ಬಾಟಲಿ ಎಂದರೆ ಮುಟ್ಟಿದರೆ ಒಡೆಯುವ, ಪೀಪಾಯಿಯಿಂದ ಮೇಜಿಗೆ ವೈನ್ ತರುವ ಹೂಜಿ ಅಷ್ಟೆ. ಈಗ ಅದರಲ್ಲಿ ವೈನನ್ನು ವರ್ಷಗಟ್ಟಲೆ ಇಡಬಹುದಾಯಿತು. ಕತ್ತಿಗೆ ಬಿಗಿಯಾಗಿ ಕಾರ್ಕ್ ಬೂಚು ಹೊಡೆಯಬಹುದಾಯಿತು. ಬೂಚು ಒಣಗಿ ಕುಗ್ಗದಿರಲಿ ಎಂದು ಬಾಟಲಿಯನ್ನು ಅಡ್ಡ ಮಲಗಿಸುವ ರೂಢಿ ಬಂತು, ಮಲಗಿಸಿ ಪೇರಿಸಲು ಬಾಟಲಿ ನೇರ ಸಿಲಿಂಡರಿನಂತಾಯಿತು.

ಬಿಗಿಯಾಗಿ ಹೊಡೆದ ಬೂಚನ್ನು ತೆಗೆಯುವುದು ಹೇಗೆ? ಉತ್ತರ ಸೈನಿಕರ ಚೀಲದಲ್ಲಿತ್ತು. ಬಂದೂಕಿನ ನಳಿಗೆಯಲ್ಲಿ ಸಿಕ್ಕಿಕೊಂಡ ಗುಂಡು, ಚಿಂದಿ ಎಳೆದು ತೆಗೆಯಲು ಅವರು ತಿರುಪಿನ ಕಂಬಿ ಇಟ್ಟುಕೊಳ್ಳುತ್ತಿದ್ದರು. ಅದಕ್ಕೊಂದು ಹಿಡಿ ಹಾಕಿದರೆ ಕಾರ್ಕ್‌ಸ್ಕ್ರೂ. ಬೂಚು ಎಳೆಯಲು ಉಕ್ಕಿನ ಹುಳು ಬಳಸುತ್ತಾರೆಂದು 1681ರ ಇಂಗ್ಲಿಷ್ ಬರಹವೊಂದರಲ್ಲಿ ಬರುತ್ತದೆ. ಇದಕ್ಕೆ ಮೊದಲ ಪೇಟೆಂಟ್ 1795ರಲ್ಲಿ ಸಿಕ್ಕಿದ್ದು ಒಬ್ಬ ಪಾದ್ರಿಗೆ, ಇಂಗ್ಲೆಂಡಿನ ರೆವರೆಂಡ್ ಸ್ಯಾಮ್ಯುಯೆಲ್ ಹೆನ್ಶಾಲ್‌ಗೆ. ಅವರು ಮಾಡಿದ್ದು ಇಷ್ಟೆ. ತಿರುಪು ಮುಗಿಯುವಲ್ಲಿ ಗುಂಡಿಯಂಥ ಒಂದು ಬಿಲ್ಲೆ ಕೂರಿಸಿದರು. ತಿರುಪು ಪೂರ್ತಿ ಒಳಗಿಳಿದ ಮೇಲೆ ಬಿಲ್ಲೆ ಬೂಚಿನ ನೆತ್ತಿಯನ್ನು ಒತ್ತುತ್ತದೆ, ಇನ್ನೂ ತಿರುಗಿಸಿದರೆ ಬೂಚೇ ತಿರುಗಿ ಗಾಜಿಗೆ ಅಂಟಿದ್ದು ಬಿಡುತ್ತದೆ. ಎಳೆಯುವುದು ಸುಲಭ. ಇಂದಿಗೂ ಸೊಮೆಲಿಯೇಗಳ ಜೇಬಿನಲ್ಲಿರುವ, ಚಾಕುವಿನಂತೆ ಮಡಚುವ ಸನ್ನೆಕೋಲಿನ ಕಾರ್ಕ್‌ಸ್ಕ್ರೂವನ್ನು 1882ರಲ್ಲಿ ಪೇಟೆಂಟ್ ಮಾಡಿಸಿದವನು ಜರ್ಮನಿಯ ಕಾರ್ಲ್ ವೀಂಕೆ. ಒಂದೂಕಾಲು ಶತಮಾನ ದಾಟಿದರೂ ಅದಕ್ಕಿಂತ ಚೆನ್ನಾದುದನ್ನು ವೃತ್ತಿಯವರು ಒಪ್ಪಿಲ್ಲ. ಇದರ ಹುಚ್ಚು ಹಿಡಿದವರಿಗೆ ಪ್ರೊವಾನ್ಸಿನ ಮೆನೆರ್ಬ್ ಎಂಬ ಹಳ್ಳಿಯಲ್ಲಿ ಬೇರೆ ಮ್ಯೂಸಿಯಮ್ಮೇ ಉಂಟು. ಸಿನಿಮಾ ನಿರ್ಮಾಪಕ ಈವ್ ರೂಸೆ-ರುವಾರ್ ತನ್ನ ದ್ರಾಕ್ಷಿತೋಟದಲ್ಲಿ ತೆರೆದ ಅದರಲ್ಲಿ ಸಾವಿರಕ್ಕೂ ಹೆಚ್ಚು ಕಾರ್ಕ್‌ಸ್ಕ್ರೂಗಳಿವೆ.

ಫ್ರಾನ್ಸಿನಲ್ಲಿ ಬಾಟಲಿ ಮೆರೆಯಲು ತಡವಾಯಿತು. ಕೈಯಲ್ಲಿ ಊದಿದ ಬಾಟಲಿಗಳ ಅಳತೆ ಒಂದರಂತೆ ಒಂದಿರುತ್ತಿರಲಿಲ್ಲ, ಮೋಸಕ್ಕೂ ತೆರಿಗೆ ತಪ್ಪಿಸಲೂ ಸಲೀಸು. ಹಾಗಾಗಿ ವೈನ್ ಸಾಗಣೆ ಪೀಪಾಯಿಯಲ್ಲೇ ಆಗಬೇಕೆಂಬ ಕಟ್ಟುಪಾಡಿತ್ತು. 1728ರಲ್ಲಿ ಹದಿನೈದನೇ ಲೂಯಿ ಶಾಂಪೇನ್ ಸೀಮೆಯ ವೈನಿಗೆ ಬಾಟಲಿಯಲ್ಲಿ ಸಾಗಲು ಅನುಮತಿ ಕೊಟ್ಟ. ಮರುವರ್ಷವೇ ರ್‍ಯುಯಿನಾರ್ ಎಂಬ ಶಾಂಪೇನ್ ಮನೆತನ ವ್ಯಾಪಾರ ಶುರು ಮಾಡಿತು. ಗುಳ್ಳೆಯೇಳುವ ವೈನನ್ನು ಪೀಪಾಯಿಯಲ್ಲಿ ಮಾರುವುದು ಹೇಗೆ ಸಾಧ್ಯ? ಆ ರಾಜಾಜ್ಞೆ ಇಲ್ಲದೆ ಇಂದಿನ ಶಾಂಪೇನ್ ಉದ್ಯಮ ಇರುತ್ತಿರಲಿಲ್ಲ.

ಇನ್ನು ರುಚಿಬಟ್ಟಲು. ಫ್ರೆಂಚರು ತಾಸ್ತ್‌ವ್ಯಾಂ ಎನ್ನುವ ಇದು ಅಂಗೈಯಗಲದ, ತೀರ ತಗ್ಗು ಬೆಳ್ಳಿ ಬಟ್ಟಲು. ಬಗ್ಗಿ ನೋಡಿದರೆ ಒಳಮೈಯ ಒಂದು ಕಡೆ ದುಂಡನೆಯ ಉಬ್ಬುಗಳು, ಇನ್ನೊಂದು ಕಡೆ ಓರೆ ಗೀರುಗಳು. ಅಲಂಕಾರವೆಂದು ಕಾಣುವ ಇವೆಲ್ಲ ಬೆಳಕಿನ ಉಪಾಯ. ಬರ್ಗಂಡಿಯ ನೆಲಮಾಳಿಗೆಯಲ್ಲಿ ಇದ್ದದ್ದು ಒಂದು ಮೋಂಬತ್ತಿ. ಆ ಮಿಣುಕು ಬೆಳಕು ಉಬ್ಬುತಗ್ಗುಗಳ ಮೇಲೆ ಬಿದ್ದು ಚದುರಿ ವೈನಿನ ಒಳಗಿಂದ ಹಾಯುತ್ತದೆ. ತಿಳಿಯಾಗಿದೆಯೇ, ಕದಡಿದೆಯೇ, ಕೆಂಪು ಎಷ್ಟು ಗಾಢ ಎಂದು ಕಾಣುತ್ತದೆ. ವಿದ್ಯುದ್ದೀಪ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ವಾಸನೆ ಹಿಡಿದಿಡಲು ಅದರ ಅಗಲ ಬಾಯಿಗೆ ಶಕ್ತಿಯಿಲ್ಲ. 1977ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ರುಚಿ ನೋಡಲೆಂದೇ ನಿಗದಿ ಮಾಡಿದ ಗಾಜಿನ ಲೋಟ ಬಾಯಿಯಲ್ಲಿ ಕಿರಿದಾಗಿ ಮೊಗ್ಗಿನಂತಿರುವುದು ಪರಿಮಳ ಆರಿಹೋಗದಿರಲಿ ಎಂದೇ. ಬೆಳ್ಳಿಬಟ್ಟಲು ಈಗ ಸರಪಳಿಯಲ್ಲಿ ಕುತ್ತಿಗೆಗೆ ಇಳಿದಿದೆ. 1934ರಲ್ಲಿ ಬರ್ಗಂಡಿಯ ನ್ವಿ-ಸೇಂ-ಜಾರ್ಜಿನಲ್ಲಿ ಹುಟ್ಟಿದ ತಾಸ್ತ್‌ವ್ಯಾಂ ವೀರರ ಸಂಘ ಅದನ್ನೇ ಲಾಂಛನ ಮಾಡಿಕೊಂಡು, ಕೆಂಪು ನಿಲುವಂಗಿ ತೊಟ್ಟು ಔತಣ ನಡೆಸುತ್ತದೆ. ಆರ್ಥಿಕ ಕುಸಿತದಲ್ಲಿ ಕೊಳ್ಳುವವರಿಲ್ಲದೆ ಬಿದ್ದಿದ್ದ ವೈನನ್ನು ಮಾರಲು ಹುಟ್ಟಿದ ಸಂಘವದು. ಮಧ್ಯಯುಗದ ವೇಷ ಆಮೇಲೆ ತೊಟ್ಟುಕೊಂಡದ್ದು.

ರಾಜರು ಹೋದ ಮೇಲೆ ಪಾನದಾಯಕರು ಏನಾದರು? ಕೆಲವರಿಗೆ ರೆಸ್ಟೋರೆಂಟುಗಳು ಸಿಕ್ಕಿದವು. ಮುಂದೆ ಹದಿನೆಂಟನೇ ಲೂಯಿಯಾದ ರಾಜಕುಮಾರನ ಅಡುಗೆ ಚಾಕರಿಯಲ್ಲಿದ್ದ ಆಂತ್ವಾನ್ ಬೋವಿಲಿಯೇ ಕ್ರಾಂತಿಗೂ ಮೊದಲೇ 1780ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ರೆಸ್ಟೋರೆಂಟು ತೆರೆದಿದ್ದ. ಒಳ್ಳೆಯ ಮೇಜು, ಒಳ್ಳೆಯ ಚಾಕರಿ, ತುಂಬಿದ ನೆಲಮಾಳಿಗೆ ಅವನ ಹೆಗ್ಗಳಿಕೆ. ದುಡ್ಡಿದ್ದ ಯಾವನೇ ಆಗಲಿ ಅಲ್ಲಿ ಒಂದು ಹೊತ್ತು ದೊರೆಯಂತೆ ಕೂರಬಹುದಿತ್ತು. ವಿಷ ಹಾಕುವಷ್ಟು ದ್ವೇಷವನ್ನು ಅವನ ಮೇಲೆ ಯಾರೂ ಇಟ್ಟುಕೊಂಡಿರಲಿಲ್ಲ. ಈಗಿನ ಅನುಮಾನ ಕಲಬೆರಕೆಯದು.

ಕಲಬೆರಕೆ ಹೊಸದೇನಲ್ಲ. ಹುಳಿಯಾದ ವೈನಿಗೆ ಸಿಹಿ ಕೊಡಲು ಸೀಸದ ಬೂದಿ ಬೆರೆಸುವ ದುರಭ್ಯಾಸ ಯುರೋಪಿನಲ್ಲಿ ಬಹಳ ಕಾಲ ಇತ್ತು. 1690ರ ದಶಕದಲ್ಲಿ ಜರ್ಮನಿಯ ಉಲ್ಮ್ ನಗರದ ವೈದ್ಯ ಎಬರ್‌ಹಾರ್ಡ್ ಗೋಕೆಲ್, ಮಠವೊಂದರಲ್ಲಿ ಹೊಟ್ಟೆ ಹಿಂಡುವ ನೋವಿನಿಂದ ಸಾಲುಸಾಲಾಗಿ ಮಲಗಿದ ಸನ್ಯಾಸಿಗಳನ್ನು ನೋಡಿದ. ವೈನ್ ಕುಡಿಯದವರು ಆರೋಗ್ಯವಾಗಿದ್ದರು. ಅಷ್ಟು ಗಮನಿಸಿದ್ದೇ ಅವನಿಗೆ ದಾರಿಯಾಯಿತು. ವ್ಯಾಪಾರಿಗಳು ಬಳಸುವ ಸೀಸದ ಪಾಕವೇ ಕಾರಣವೆಂದು ಪತ್ತೆ ಹಚ್ಚಿದ. 1696ರಲ್ಲಿ ವ್ಯುರ್ಟೆಂಬರ್ಗಿನ ಡ್ಯೂಕ್ ಅದನ್ನು ಮರಣದಂಡನೆಯ ಅಪರಾಧ ಮಾಡಿದ.

ಆಮೇಲಿನ ದೊಡ್ಡ ಮೋಸಕ್ಕೆ ಕಾರಣವಾದದ್ದು ಕಣ್ಣಿಗೆ ಕಂಡೂ ಕಾಣದ ಹೇನು. ಅಮೆರಿಕದಿಂದ ಬಂದ ಫಿಲಾಕ್ಸೆರಾ 1860ರ ದಶಕದಿಂದ ಫ್ರಾನ್ಸಿನ ದ್ರಾಕ್ಷಿಬೇರುಗಳನ್ನು ತಿಂದು ಹಾಕಿತು. ವೈನ್ ಇಲ್ಲ, ಕುಡಿಯುವವರು ಇದ್ದಾರೆ. ಒಣದ್ರಾಕ್ಷಿ ನೆನೆಸಿ, ಸಕ್ಕರೆ ನೀರು ಸುರಿದು ಏನೇನೋ ಮಾರಿದರು. ತಾಜಾ ದ್ರಾಕ್ಷಿ ಹುದುಗಿ ಆದದ್ದೇ ವೈನ್ ಎಂದು 1889ರಲ್ಲಿ ಫ್ರಾನ್ಸ್ ಕಾನೂನು ಮಾಡಿ ಹೇಳಬೇಕಾಯಿತು. ಅಷ್ಟಾದರೂ ಮೋಸ ನಿಲ್ಲಲಿಲ್ಲ. ತೋಟಗಳು ಚೇತರಿಸಿಕೊಳ್ಳುವ ಹೊತ್ತಿಗೆ ಬೆಲೆ ಪಾತಾಳ ಕಂಡಿತ್ತು. 1907ರ ಜೂನ್‌ನಲ್ಲಿ ದಕ್ಷಿಣದ ಮೋಂಪೆಲಿಯೇ ಪಟ್ಟಣದಲ್ಲಿ ಲಕ್ಷಾಂತರ ದ್ರಾಕ್ಷಿ ಬೆಳೆಗಾರರು ಬೀದಿಗಿಳಿದರು. ನಾರ್ಬೋನಿನಲ್ಲಿ ಸೈನಿಕರ ಗುಂಡಿಗೆ ಜನ ಸತ್ತರು. ಅದೇ ತಿಂಗಳ 29ರಂದು ಸಕ್ಕರೆ, ನೀರಿನ ಕಲಬೆರಕೆಯ ವಿರುದ್ಧ ಬಿಗಿ ಕಾಯ್ದೆ ಬಂತು. ಯಾವ ಊರಿನ ಹೆಸರನ್ನು ಯಾವ ವೈನ್ ಹಾಕಿಕೊಳ್ಳಬಹುದು ಎಂಬ ಮೂಲಸ್ಥಾನದ ನಿಯಮಗಳು 1935ರಲ್ಲಿ ಗಟ್ಟಿಯಾದವು. ಇಂದು ಲೇಬಲ್ ಮೇಲಿನ ಊರಿನ ಹೆಸರನ್ನು ಸೊಮೆಲಿಯೇ ಮಂತ್ರದಂತೆ ಓದುತ್ತಾನಲ್ಲ, ಅದರ ಹಿಂದೆ ಸತ್ತವರಿದ್ದಾರೆ.

ಇದೇ ಕಥೆಯ ಒಂದು ಎಳೆ ನಂದಿಬೆಟ್ಟದ ತಪ್ಪಲಿಗೂ ಬಂದು ಮುಟ್ಟುತ್ತದೆ. ಹೇನಿಗೆ ಬಗ್ಗದ ಅಮೆರಿಕದ ಬಳ್ಳಿಗಳನ್ನು, ಮಿಶ್ರತಳಿಗಳನ್ನು ಫ್ರೆಂಚರು ನೆಟ್ಟರು. ಅವುಗಳ ವೈನಿಗೆ ಒಂದು ಬಗೆಯ ಕಾಡುವಾಸನೆ. 1934ರ ಕೊನೆಗೆ ಅಂಥ ಆರು ತಳಿಗಳನ್ನು ನಿಷೇಧಿಸಿದರು, ಅದರಲ್ಲಿ ಇಸಾಬೆಲ್ ಒಂದು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ತೋಟಗಳಲ್ಲಿ ಬೆಳೆಯುವ, ಭೌಗೋಳಿಕ ಸೂಚಿಯ ಮಾನ್ಯತೆಯೂ ಇರುವ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ಅದೇ ಅಮೆರಿಕನ್ ಬಳಗದ ನೆಂಟ. ಬಾಯಿಗಿಟ್ಟರೆ ಸಿಪ್ಪೆ ಜಾರಿ ತಿರುಳು ಬೇರೆಯಾಗುವ, ಪರಿಮಳ ಮೂಗಿಗೆ ಅಡರುವ ಆ ಹಣ್ಣು ಜ್ಯೂಸಿಗೆ, ಜಾಮಿಗೆ, ಸಿಹಿ ವೈನಿಗೆ ಹೋಗುತ್ತದೆ. ಫ್ರೆಂಚ್ ಸೊಮೆಲಿಯೇ ಮೂಗು ಮುರಿಯುವ ಗುಣವೇ ನಮ್ಮ ಮಾರುಕಟ್ಟೆಯಲ್ಲಿ ಅದರ ಗುರುತು. ಅದೇ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ 1980ರ ದಶಕದ ಕೊನೆಗೆ ಕನ್ವಲ್ ಗ್ರೋವರ್ ಫ್ರೆಂಚ್ ತಳಿಗಳನ್ನೇ ನೆಟ್ಟು ಬೇರೆ ದಾರಿ ಹಿಡಿದರು. ಬೋರ್ಡೊದ ಹೆಸರಾಂತ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು. 2007ರಲ್ಲಿ ರಾಜ್ಯ ಸರಕಾರ ದ್ರಾಕ್ಷಾರಸ ನೀತಿ ತಂದಿತು.

ವಿಷ ಹೋಯಿತು, ಸೀಸ ಹೋಯಿತು, ಸಕ್ಕರೆ ನೀರೂ ಹೋಯಿತು. ಆದರೂ ಬಾಟಲಿ ತೆರೆದ ಸೊಮೆಲಿಯೇ ಮೊದಲು ಗುಟುಕಷ್ಟು ಸುರಿದು ರುಚಿ ನೋಡುತ್ತಾನೆ ಅಥವಾ ನೋಡಲು ಹೇಳುತ್ತಾನೆ. ಹೊಸಬರು ಇಲ್ಲಿ ಪೇಚಿಗೆ ಬೀಳುವುದುಂಟು, ವೈನ್ ಇಷ್ಟವಾಯಿತೇ ಎಂದು ಕೇಳುತ್ತಿದ್ದಾರೆಂದು ತಿಳಿದು. ಇಷ್ಟಾನಿಷ್ಟದ ಮಾತು ಅಲ್ಲಿಲ್ಲ, ಕೆಟ್ಟಿದೆಯೇ ಎಂಬುದಷ್ಟೇ ಪ್ರಶ್ನೆ. ಕಾರ್ಕ್ ಮರದ ತೊಗಟೆಯಲ್ಲಿರುವ ಬೂಷ್ಟು ಕ್ಲೋರಿನ್ ಅಂಶದೊಡನೆ ಸೇರಿದಾಗ ಟಿಸಿಎ ಎಂಬ ರಾಸಾಯನಿಕ ಹುಟ್ಟುತ್ತದೆ. ಸ್ವಿಟ್ಜರ್ಲೆಂಡಿನ ಹಾನ್ಸ್ ಟಾನರ್ 1980ರ ದಶಕದ ಆರಂಭದಲ್ಲಿ ಅದನ್ನು ಗುರುತಿಸಿದರು. ಒಂದು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಸಾಕು, ಮಳೆಗಾಲದಲ್ಲಿ ಮೂಲೆಗೆ ಬಿದ್ದು ಮುಗ್ಗಿದ ರಟ್ಟಿನ ಪೆಟ್ಟಿಗೆಯ ವಾಸನೆ ಬರುತ್ತದೆ. ಆರೋಗ್ಯಕ್ಕೆ ಕೆಡುಕಿಲ್ಲ, ಹಣಕ್ಕೆ ಮೋಸ.

ಮೂಗು ಎಷ್ಟು ನಂಬಿಗಸ್ತ ಎಂಬುದೂ ಚರ್ಚೆಯ ವಿಷಯವೇ. ಬೋರ್ಡೊ ವಿಶ್ವವಿದ್ಯಾಲಯದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ಅವರು ಅದನ್ನು ವರ್ಣಿಸಿದ್ದು ಕೆಂಪು ವೈನಿಗೆ ಬಳಸುವ ಮಾತುಗಳಲ್ಲಿ. ಮೂಗಿಗಿಂತ ಮೊದಲು ಕಣ್ಣು ತೀರ್ಪು ಕೊಟ್ಟಿತ್ತು. ವೈನ್ ಪರಿಣತಿಯೇ ಬೂಟಾಟಿಕೆ ಎನ್ನಲು ಈ ಪ್ರಯೋಗವನ್ನು ಎಳೆದು ತರುವವರಿದ್ದಾರೆ. ಅದು ಅತಿಯಾಯಿತು. ಪ್ರಯೋಗಕ್ಕೆ ಕೂತವರು ವಿದ್ಯಾರ್ಥಿಗಳು. ಅವರಿಗೆ ಕೇಳಿದ್ದು ವರ್ಣನೆಯನ್ನು, ದೋಷ ಹುಡುಕಿ ಎಂದಲ್ಲ.

ಕೆಲವೊಮ್ಮೆ ಮೋಸ ಹಿಡಿಯಲು ನಾಲಿಗೆಗಿಂತ ದಾಖಲೆ ಉಪಯೋಗಕ್ಕೆ ಬರುತ್ತದೆ. 1985ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 1787ರ ಲಾಫಿಟ್ ಎಂದು ಹೇಳಿದ, ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್ನನ ಹೆಸರಿನ ಅಕ್ಷರಗಳನ್ನು ಕೊರೆದ ಬಾಟಲಿ 1,05,000 ಪೌಂಡಿಗೆ ಹೋಯಿತು. ಕೊಂಡವರು ಫೋರ್ಬ್ಸ್ ಕುಟುಂಬ. ಪ್ರದರ್ಶನಕ್ಕೆ ಇಟ್ಟಾಗ ದೀಪದ ಬಿಸಿಗೆ ಬೂಚು ಒಣಗಿ ಬಾಟಲಿಯೊಳಕ್ಕೇ ಬಿದ್ದುಬಿಟ್ಟಿತು. ಅದೇ ಮೂಲದಿಂದ ಬಂದ ಬಾಟಲಿಗಳನ್ನು ಕೊಂಡಿದ್ದ ಅಮೆರಿಕದ ಉದ್ಯಮಿ ಬಿಲ್ ಕೋಕ್ ನೇಮಿಸಿದ ತಜ್ಞರು ಆ ಅಕ್ಷರಗಳನ್ನು ವಿದ್ಯುತ್ ಉಪಕರಣದಿಂದ ಕೊರೆಯಲಾಗಿದೆ ಎಂದರು. 2008ರ ಇನ್ನೊಂದು ಪ್ರಸಂಗ ಇನ್ನೂ ನೇರ. ನ್ಯೂಯಾರ್ಕಿನ ಹರಾಜಿನಲ್ಲಿ 1945ರಿಂದ 1971ರವರೆಗಿನ ಪೋನ್ಸೋ ಮನೆತನದ ಕ್ಲೋ ಸೇಂ-ದೆನೀ ವೈನ್ ಮಾರಾಟಕ್ಕಿದೆ ಎಂದು ಆ ಮನೆತನದ ಲೊರಾಂ ಪೋನ್ಸೋಗೆ ತಿಳಿಯಿತು. ಅವರ ಮನೆಯಲ್ಲಿ ಆ ವೈನ್ ಮಾಡಲು ಶುರುಮಾಡಿದ್ದೇ 1982ರಲ್ಲಿ! ಪೋನ್ಸೋ ವಿಮಾನ ಹತ್ತಿ ಹೋಗಿ ಆ ವೈನನ್ನು ಹರಾಜಿನಿಂದ ತೆಗೆಸಿದರು. ಆ ಬಾಟಲಿಗಳನ್ನು ತಂದಿದ್ದ ರೂಡಿ ಕುರ್ನಿಯವಾನ್‌ಗೆ 2014ರಲ್ಲಿ ಹತ್ತು ವರ್ಷ ಜೈಲಾಯಿತು. ಅವನು ತನ್ನ ಮನೆಯಲ್ಲೇ ವೈನ್ ಬೆರೆಸಿ ಹಳೆಯ ಲೇಬಲ್ ಅಂಟಿಸುತ್ತಿದ್ದ.

ನೆಲಮಾಳಿಗೆಯ ಈ ಕಸುಬಿಗೆ ಪರೀಕ್ಷೆ, ಪದವಿ ಬಂದದ್ದು ಈಚೆಗೆ. ಲಂಡನ್ನಿನಲ್ಲಿ ಮಾಸ್ಟರ್ ಸೊಮೆಲಿಯೇ ಪರೀಕ್ಷೆ ಮೊದಲು ನಡೆದದ್ದು 1969ರಲ್ಲಿ. ಅದೇ ವರ್ಷ ಫ್ರಾನ್ಸಿನ ರೀಮ್ಸ್ ನಗರದಲ್ಲಿ ಅಂತರರಾಷ್ಟ್ರೀಯ ಸೊಮೆಲಿಯೇ ಸಂಘ ಹುಟ್ಟಿತು; ಜಗತ್ತಿನ ಅತ್ಯುತ್ತಮ ಸೊಮೆಲಿಯೇ ಯಾರು ಎಂಬ ಸ್ಪರ್ಧೆಯನ್ನು ನಡೆಸುವುದು ಅದೇ. ಹೆಸರು ಮುಚ್ಚಿದ ವೈನುಗಳನ್ನು ಗುರುತಿಸಬೇಕು, ವೈನ್ ಪಟ್ಟಿಯಲ್ಲಿ ಬೇಕೆಂದೇ ಸೇರಿಸಿದ ತಪ್ಪುಗಳನ್ನು ಹುಡುಕಬೇಕು, ಒಮ್ಮೆ ಸುರಿದ ಲೋಟಕ್ಕೆ ಮತ್ತೆ ಕೈ ಹಾಕದೆ ಶಾಂಪೇನನ್ನು ಎಲ್ಲ ಲೋಟಗಳಿಗೂ ಸಮನಾಗಿ ಹಂಚಬೇಕು. ಚಹಾ, ಕಾಫಿ, ಜಪಾನಿನ ಸಾಕೆ, ಯಾವುದರ ಪ್ರಶ್ನೆಯೂ ಬರಬಹುದು. ಇಷ್ಟನ್ನೂ ತಮ್ಮ ತಾಯ್ನುಡಿ ಬಿಟ್ಟು ಬೇರೆ ಭಾಷೆಯಲ್ಲಿ ಮಾಡಬೇಕು.

ಮೊದಮೊದಲು ಹೆಚ್ಚಿನ ಗೆಲುವು ಫ್ರೆಂಚರದು. 1995ರಲ್ಲಿ ಟೋಕಿಯೋದಲ್ಲಿ ಜಪಾನಿನ ಶಿನ್ಯಾ ತಸಾಕಿ ಗೆದ್ದಾಗ ಯುರೋಪು ಹುಬ್ಬೇರಿಸಿತು. 2007ರಲ್ಲಿ ಸ್ವೀಡನ್ನಿನ ಆಂಡ್ರಿಯಾಸ್ ಲಾರ್ಸನ್, 2016ರಲ್ಲಿ ಮತ್ತೆ ಸ್ವೀಡನ್ನಿನ ಆರ್ವಿಡ್ ರೋಸೆನ್‌ಗ್ರೆನ್. 2023ರ ಫೆಬ್ರುವರಿಯಲ್ಲಿ ಸ್ಪರ್ಧೆ ಪ್ಯಾರಿಸ್ಸಿಗೇ ಬಂದು, ಲಾ ದೆಫಾನ್ಸ್ ಅರೀನಾದಲ್ಲಿ ಸಾವಿರಾರು ಜನರೆದುರು ಅಂತಿಮ ಸುತ್ತು ನಡೆದಾಗ ಗೆದ್ದವರು ಲಾಟ್ವಿಯದ ರೈಮಂಡ್ಸ್ ಟೊಮ್ಸನ್ಸ್. ಸ್ವೀಡನ್, ಲಾಟ್ವಿಯ ಎರಡರಲ್ಲೂ ಹೇಳಿಕೊಳ್ಳುವಷ್ಟು ದ್ರಾಕ್ಷಿತೋಟಗಳಿಲ್ಲ. ಸ್ವಂತ ವೈನ್ ಇಲ್ಲದವರಿಗೆ ಯಾವ ವೈನೂ ಮನೆಯದಲ್ಲ, ಎಲ್ಲವನ್ನೂ ಒಂದೇ ಅನುಮಾನದಿಂದ ನೋಡಬಲ್ಲರು. ಫ್ರಾನ್ಸಿನ ಬಾವುಟದಡಿ ನಿಂತು ಕೊನೆಯದಾಗಿ ಗೆದ್ದವರು 2000ದಲ್ಲಿ ಮಾಂಟ್ರಿಯಲ್ಲಿನಲ್ಲಿ ಒಲಿವಿಯೇ ಪೂಸಿಯೇ. 2010ರಲ್ಲಿ ಗೆದ್ದ ಜೆರಾರ್ ಬಾಸೆ ಹುಟ್ಟಿನಿಂದ ಫ್ರೆಂಚರಾದರೂ ಸ್ಪರ್ಧಿಸಿದ್ದು ಬ್ರಿಟನ್ನಿನ ಪರವಾಗಿ.